ಎರಡರಲ್ಲಿ ಒಂದು ಅಕ್ಕನಿಗೆ

ಕೂಡ್ಲಿಗಿ
10-1-1999

ಅಕ್ಕಾ,

ಈ ಪತ್ರ ಕೈಗೆ ಬಂದ ಕೂಡಲೇ ಎಲ್ಲಾದರೂ ಕೂತುಕೋ. ನಿಂತು ಓದುವಂಥದ್ದಲ್ಲ.

ನಿನ್ನ ತಂಗಿ ಈಗ ಮೂರು ತಿಂಗಳ ಬಸುರಿ. ಅದಷ್ಟೇ ಆಗಿದ್ದರೆ ಯಾರ ಬಾಯಲ್ಲಾದರೂ ಹೇಳಿ ಕಳಿಸುತ್ತಿದ್ದೆ. ಮೂರು ತಿಂಗಳಿಗೇ ನನ್ನ ಹೊಟ್ಟೆ ಐದು ತಿಂಗಳಿನಷ್ಟು ಎದ್ದು ಕಾಣುತ್ತಿದೆ. ನಲ್ಲಿಯ ಹತ್ತಿರ ಹೆಂಗಸರು, ತಿಂಗಳ ಲೆಕ್ಕ ತಪ್ಪಿದ್ದೀಯೇನು ಎಂದು ಕಾಡಿಸುತ್ತಾರೆ. ನಮ್ಮತ್ತೆ ದ್ಯಾಮಕ್ಕ ಮಾತ್ರ ನಗಲಿಲ್ಲ. ಅವರು ಕುರಿ ಹಟ್ಟಿಯಲ್ಲೇ ಹುಟ್ಟಿ ಬೆಳೆದವರು, ಗಬ್ಬದ ಕುರಿಯ ಹೊಟ್ಟೆ ಮುಟ್ಟಿ ಮರಿ ಎಷ್ಟೆಂದು ಹೇಳುವವರು. ನನ್ನನ್ನು ಮಲಗಿಸಿ, ಹೊಟ್ಟೆಯ ಮೇಲೆ ಎರಡೂ ಅಂಗೈ ಇಟ್ಟು ಒತ್ತಿ ನೋಡಿದರು. "ಎರಡು ಅದಾವು, ಶಿವಲೀಲಾ. ಒಂದಲ್ಲ" ಅಂದರು.

ವಾಂತಿಯಂತೂ ಕೇಳಬೇಡ. ನೀರು ಕುಡಿದರೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಎದೆ ಡವಡವ ಹೊಡೆದುಕೊಳ್ಳುತ್ತದೆ. ಈ ಚಳಿಯಲ್ಲೂ ಬೆವರುತ್ತೇನೆ, ಕೈ ನಡುಗಿ ಚಹಾದ ಬಟ್ಟಲು ಹಿಡಿಯಲಾಗುವುದಿಲ್ಲ. ಎರಡು ಜೀವಕ್ಕೆ ಉಣಿಸುವ ಮೈ ಹೀಗೇ ಎಂದು ಅತ್ತೆ ಸಮಾಧಾನ ಮಾಡುತ್ತಾರೆ.

ಇವರು ನಾಳೆ ಕುರಿ ಹೊಡೆದುಕೊಂಡು ಸಿರುಗುಪ್ಪದ ಕಡೆ ಹೊರಡುತ್ತಾರೆ. ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ನಿಲ್ಲಿಸುತ್ತಾ ಊರಿಂದೂರಿಗೆ ಹೋಗುತ್ತಾರೆ, ಮುಂಗಾರು ಬೀಳುವವರೆಗೆ ಮನೆ ಕಡೆ ಬರುವುದಿಲ್ಲ. ಹೊರಡುವ ಮೊದಲೇ ಕೇಳಿಬಿಡಬೇಕೆಂದು ನಿನ್ನೆ ಕೇಳಿದೆ. ಇವರು ಆಗಲಿ ಅಂದರು. ಅತ್ತೆಯೂ ಬೇಡವೆನ್ನಲಿಲ್ಲ.

ಎರಡರಲ್ಲಿ ಒಂದು ನಿನ್ನದು ಅಕ್ಕಾ. ಹುಟ್ಟಿದ ಮೇಲೆ ಅಲ್ಲ, ಈಗಲೇ ನಿನ್ನದು. ಹನ್ನೊಂದು ವರ್ಷದಿಂದ ನೀನು ಹೋಗದ ಗುಡಿಯಿಲ್ಲ, ನುಂಗದ ಔಷಧಿಯಿಲ್ಲ. ಇನ್ನು ಸಾಕು.

ನಿನ್ನ ಶಿವಲೀಲಾ


ನೀಲಗುಂದ
19-1-1999

ಲೇ ಶಿವೀ,

ಕೂತುಕೋ ಅಂತ ನೀನು ಬರೆದದ್ದನ್ನು ನಾನು ಬಾಗಿಲಲ್ಲಿ ನಿಂತೇ ಓದಿದೆ. ಓದಿದ ಮೇಲೆ ಕೂತವಳು ಏಳಲೇ ಇಲ್ಲ. ನಮ್ಮತ್ತೆ ಒಳಗಿನಿಂದ ಬಂದು, "ಯಾರಿಗೇನಾತೇ ಗಾದೆಮ್ಮ?" ಎಂದು ಗಾಬರಿಯಾದರು. ಪತ್ರವನ್ನು ಅವರ ಕೈಗೇ ಕೊಟ್ಟೆ. ಓದಲು ಬರುವುದಿಲ್ಲ ಅವರಿಗೆ. ತಿರುಗಿಸಿ ತಿರುಗಿಸಿ ನೋಡಿ ಅವರೂ ಅತ್ತರು, ಏನೆಂದು ತಿಳಿಯದೆಯೇ.

ತಿಳಿದ ಮೇಲೆ ಏನು ಮಾಡಿದರು ಗೊತ್ತೇನು? ನಿನ್ನೆ ಸೋಮವಾರ ಓಣಿಯ ಐದು ಮಂದಿ ಮುತ್ತೈದೆಯರನ್ನು ಕರೆದು ನನ್ನ ಉಡಿ ತುಂಬಿಸಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಹಸಿರು ಖಣ. ಬೇರೆಯವರ ಮನೆಯಲ್ಲಿ ಬಸುರಿಗೆ ಕುಬಸ ಮಾಡುವಾಗ ನನ್ನನ್ನು ಹಿಂದೆ ಕೂರಿಸುತ್ತಿದ್ದ ಹೆಂಗಸರೇ ಅವರು. ಅವರೆದುರು ಸೆರಗೊಡ್ಡಿ ನಿಂತೆ. ಬಸುರಾಗದೆಯೇ ಬಸುರಿಯಾದೆ ನೋಡು. ನಿಮ್ಮ ಭಾವ ಹುಲುಗಣ್ಣ ಅಂತೂ ಸಂತೆಯಲ್ಲಿ ಸಿಕ್ಕವರಿಗೆಲ್ಲ ಪೇಡೆ ಹಂಚಿದ್ದಾರೆ.

ಹೊಟ್ಟೆ ಎಷ್ಟು ದೊಡ್ಡದಾಗಿದೆ ಬರೆ. ಒದೆಯುತ್ತವೆಯೇ? ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಎಲ್ಲ ಒಳ್ಳೆಯ ಲಕ್ಷಣ ಅಂತೆ, ಒಂದು ಜೀವದ ಮೈಯಲ್ಲಿ ಮೂರು ಜೀವ ಇರುವಾಗ ಇನ್ನೇನಾದೀತು. ವಾಂತಿಗೆ ಹೆದರಿ ಊಟ ಬಿಡಬೇಡ, ನೀನು ಉಪವಾಸ ಬಿದ್ದರೆ ನನ್ನದೂ ಉಪವಾಸ ಬೀಳುತ್ತದೆ. ಎರಡರಲ್ಲಿ ಯಾವುದು ನನ್ನದು ಎಂದು ಆರಿಸುವ ಕೆಲಸ ಮಾತ್ರ ನಿನ್ನದೇ. ಕಪ್ಪಗಿರುವುದನ್ನೇ ಕೊಡುತ್ತೀ ಎಂದು ನನಗೆ ಗೊತ್ತು, ಕಳ್ಳಿ.

ಗಾದೆಮ್ಮ


ಕೂಡ್ಲಿಗಿ
24-2-1999

ಅಕ್ಕಾ,

ಇಷ್ಟು ದಿನ ಬರೆಯಲಿಲ್ಲವೆಂದು ಬೈಯಬೇಡ. ಬರೆಯುವಂಥ ಸುದ್ದಿ ಇರಲಿಲ್ಲ.

ಹೋದ ತಿಂಗಳ ಕೊನೆಗೆ ನನಗೆ ರಕ್ತ ಹೋಗಲು ಶುರುವಾಯಿತು. ಇಲ್ಲಿಯ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ತಡ ಮಾಡದೆ ದಾವಣಗೆರೆಗೆ ಹೋಗಿ ಸ್ಕ್ಯಾನ್ ಮಾಡಿಸಿ ಅಂದರು. ಅತ್ತೆ, ನಾನು, ಪಕ್ಕದ ಮನೆಯ ಏಕಾಂತಪ್ಪನ ಜೀಪಿನಲ್ಲಿ ಹೋದೆವು. ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಮುಂದೆ ಜೀಪು ನಿಂತಾಗ ಸೆರಗು ಮುಖದ ಮೇಲೆ ಎಳೆದುಕೊಂಡೆ, ನಿಮ್ಮೂರಿನವರು ಯಾರಾದರೂ ನೋಡಿ ನಿನಗೆ ಹೇಳಿಯಾರು ಎಂದು. ಅಷ್ಟು ಹತ್ತಿರ ಬಂದು ನಿನ್ನನ್ನು ಕರೆಯದೆ ಹೋದೆ.

ಅಲ್ಲಿ ನನಗೆ ಮಂಪರು ಕೊಟ್ಟು ಒಳಗಿನದನ್ನು ತೆಗೆದರು. ಡಾಕ್ಟರಮ್ಮ ಏನೇನೋ ಹೇಳಿದರು, ನನಗೆ ಎಲ್ಲ ತಿಳಿಯಲಿಲ್ಲ. ವಾರಕ್ಕೊಮ್ಮೆ ಬಂದು ರಕ್ತ ಕೊಟ್ಟು ಹೋಗಬೇಕು, ತಪ್ಪಿಸಬಾರದು ಅಂದರು. ಒಂದು ಸಲ ಹೋಗಿ ಬಂದೆ.

ಆದರೆ ಅಕ್ಕಾ, ವಾಂತಿ ಪೂರ್ತಿ ನಿಂತಿಲ್ಲ. ಅತ್ತೆಗೆ ಅನುಮಾನ ಬಂದು ಇಲ್ಲಿಯ ಲ್ಯಾಬಿಗೆ ಕರೆದುಕೊಂಡು ಹೋದರು. ಮೂತ್ರ ಹಾಕಿ ನೋಡುವ ಕಾರ್ಡಿನಲ್ಲಿ ಎರಡು ಗೆರೆ ಮೂಡಿತು. ಲ್ಯಾಬಿನವನು, ಬಸುರಿ ಇದ್ದಾರೆ ಅಂದ. ಅತ್ತೆಗೆ ಇದೇನೂ ಹೊಸದಲ್ಲ. ಅವಳಿ ಹೊತ್ತ ಕುರಿ ಒಂದನ್ನು ಹೊತ್ತಿಗೆ ಮೊದಲೇ ಕಂದು ಹಾಕಿ, ಇನ್ನೊಂದನ್ನು ಉಳಿಸಿಕೊಂಡು ಹೊತ್ತು ತುಂಬಿ ಈದದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. "ಒಂದು ಹೋಗೇತಿ, ಒಂದು ಉಳದೈತಿ" ಅನ್ನುತ್ತಾರೆ.

ನೀನು ಹೊಸ ಬಟ್ಟೆ ಏನೂ ಹೊಲಿಸಬೇಡ ಸದ್ಯಕ್ಕೆ.

ಶಿವಲೀಲಾ


ನೀಲಗುಂದ
3-3-1999

ಶಿವೀ,

ಮೊದಲ ಅರ್ಧ ಓದಿದೆ. ಉಳಿದರ್ಧ ಓದಲು ಧೈರ್ಯ ಬರದೆ ಪತ್ರವನ್ನು ದೇವರ ಜಗಲಿಯ ಮೇಲಿಟ್ಟು ಕೂತಿದ್ದೆ. ಆಮೇಲೆ ಓದಿ ಉಸಿರು ಬಿಟ್ಟೆ.

ಹರಪನಹಳ್ಳಿಯಲ್ಲಿ ಮುಖ ಮುಚ್ಚಿಕೊಂಡು ಹೋದದ್ದಕ್ಕೆ ಬಂದಾಗ ಬೈಯುತ್ತೇನೆ. ಈಗ ಬೇರೆ ಮಾತಿದೆ. ಉಳಿದದ್ದು ಯಾರದು ಎಂದು ನಾನು ಬಾಯಿಬಿಟ್ಟು ಕೇಳಬಾರದು, ಆದರೂ ಕೇಳುತ್ತೇನೆ. ದ್ಯಾಮಕ್ಕ ಏನಂದರು? ಹೋದದ್ದು ಅಕ್ಕನ ಪಾಲಿನದು, ಉಳಿದದ್ದು ನಮ್ಮದು ಅಂದಿರಬೇಕು. ಅನ್ನಲಿ ಬಿಡು. ನಿನ್ನ ಮಾತು ನನಗೆ ಬೇಕು. ಇಲ್ಲಿ ಐದು ಮಂದಿ ನನ್ನ ಉಡಿ ತುಂಬಿದ್ದಾರೆ, ಖಾಲಿ ಕೈಯಲ್ಲಿ ಅವರೆದುರು ಹೇಗೆ ನಿಲ್ಲಲಿ.

ಇನ್ನೊಂದು ಮಾತು, ಇದನ್ನು ಸರಿಯಾಗಿ ಕೇಳು. ಇನ್ನು ಮೇಲೆ ದಾವಣಗೆರೆಗೆ ಹೋಗಬೇಡ. ಒಳಗಿನದನ್ನೆಲ್ಲ ಕೆರೆದು ತೆಗೆಯುವವರ ಕೈಗೆ ದೇವರೇ ಒಂದನ್ನು ಸಿಗದ ಹಾಗೆ ಮಾಡಿದ್ದಾನೆ. ಹೋದರೆ ಅದನ್ನೂ ತೆಗೆಯುತ್ತಾರೆ. ವಾರವಾರ ರಕ್ತ ಹೀರಿದರೆ ಕೂಸಿಗೇನು ಉಳಿಯುತ್ತದೆ? ಗಾಡಿ ಕುಲುಕಾಟ ಬೇರೆ. ಮನೆಯಲ್ಲೇ ಮಲಗಿರು, ಭಾರ ಎತ್ತಬೇಡ. ಉಜ್ಜಿನಿಗೆ ಹೋಗಿ ಮರುಳಸಿದ್ದೇಶ್ವರನಿಗೆ ಹರಕೆ ಹೊತ್ತು ಬರುತ್ತೇನೆ. ನನ್ನಾಣೆ ಇದೆ ನಿನಗೆ, ಆಸ್ಪತ್ರೆಯ ಮೆಟ್ಟಿಲು ಹತ್ತಬೇಡ.

ಗಾದೆಮ್ಮ


ಕೂಡ್ಲಿಗಿ
8-4-1999

ಅಕ್ಕಾ,

ನಿನ್ನ ಆಣೆ ಮೀರಲಿಲ್ಲ. ಒಂದು ತಿಂಗಳಾಯಿತು, ದಾವಣಗೆರೆಗೆ ಹೋಗಿಲ್ಲ. ಇನ್ನು ನಿನ್ನಿಂದ ಮುಚ್ಚಿಡುವ ಶಕ್ತಿಯೂ ನನಗಿಲ್ಲ.

ಅವತ್ತು ಮಂಪರು ಇಳಿದ ಮೇಲೆ ಡಾಕ್ಟರಮ್ಮ ನನ್ನ ಮಂಚದ ಪಕ್ಕ ಕೂತರು. ನೋಡುತ್ತೀಯಾ, ನೋಡಿದರೆ ನಿನಗೇ ತಿಳಿಯುತ್ತದೆ ಎಂದು ಕೇಳಿದರು. ಹೂಂ ಅಂದೆ. ಒಂದು ತಟ್ಟೆ ತಂದು ತೋರಿಸಿದರು. ಕೂಸು ಇರಲಿಲ್ಲ ಅಕ್ಕಾ. ಒಂದೂ ಇರಲಿಲ್ಲ. ಕೈ ಇಲ್ಲ, ಕಾಲು ಇಲ್ಲ, ತಲೆ ಇಲ್ಲ. ತಟ್ಟೆಯ ತುಂಬ ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆಗಳು, ಗೊಂಚಲು ಗೊಂಚಲು, ದ್ರಾಕ್ಷಿಯ ಹಾಗೆ. ನನ್ನ ಹೊಟ್ಟೆಯೊಳಗಿಂದ ಬಂದದ್ದು ಅದು. ನಾನು ಅದಕ್ಕೆ ಹಾಲು ಕುಡಿದೆ, ಅದಕ್ಕೆ ನೆಲ್ಲಿಕಾಯಿ ತಿಂದೆ, ಅದರಲ್ಲಿ ಒಂದನ್ನು ನಿನಗೆ ಕೊಟ್ಟೆ. ಅವತ್ತಿನಿಂದ ಕಣ್ಣು ಮುಚ್ಚಿದರೆ ಅದೇ ತಟ್ಟೆ. ಅತ್ತೆಗೂ ತೋರಿಸಲು ಹೋದರು, ಅತ್ತೆ ಕಣ್ಣು ಮುಚ್ಚಿಕೊಂಡು ಹೊರಗೆ ನಡೆದರು.

ನಿನಗೆ ಹೇಗೆ ಬರೆಯಲಿ? ಅಷ್ಟರಲ್ಲಿ ಆ ಕಾರ್ಡಿನ ಗೆರೆ ಬಂತು. ಡಾಕ್ಟರಮ್ಮನ ಕಣ್ಣೂ ತಪ್ಪಿರಬಹುದು, ಅತ್ತೆ ಹೇಳುವಂತೆ ಮೂಲೆಯಲ್ಲಿ ಒಂದು ಉಳಿದಿರಬಹುದು ಎಂದು ನಾನೂ ನಂಬಿದೆ. ನಂಬಬೇಕೆನಿಸಿತು.

ಈಗ ಮತ್ತೆ ರಕ್ತ ಹೋಗುತ್ತಿದೆ. ಹತ್ತು ದಿನದಿಂದ ಒಣ ಕೆಮ್ಮು. ಅತ್ತೆ ಮೊನ್ನೆ ಮತ್ತೆ ಕಾರ್ಡು ಹಾಕಿಸಿದರು. ಈ ಸಲ ಗೆರೆ ಇನ್ನೂ ದಟ್ಟವಾಗಿ ಮೂಡಿತು. "ಕೂಸು ಬಲಿತೈತಿ, ಅದಕ್ಕ" ಎಂದು ಓಣಿಗೆಲ್ಲ ಹೇಳಿದ್ದಾರೆ. ಇವರು ಯಾವ ಊರಿನ ಗದ್ದೆಯಲ್ಲಿದ್ದಾರೋ ಗೊತ್ತಿಲ್ಲ. ನಿಮ್ಮೂರ ಅಂಗಡಿಗೆ ಫೋನು ಮಾಡೋಣವೆಂದರೆ ಹತ್ತು ಮಂದಿಯ ಮುಂದೆ ನೀನು ಇದನ್ನು ಕೇಳಬೇಕು. ನನಗೆ ಹೆದರಿಕೆ ಆಗುತ್ತಿದೆ. ಏನು ಮಾಡಲಿ ಹೇಳು.

ಶಿವಲೀಲಾ


ದಾವಣಗೆರೆ
15-4-1999

ಶಿವೀ,

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇದನ್ನು ಹಿಡಿದುಕೊಂಡು ನಿಮ್ಮ ಭಾವ ಈಗಲೇ ಬಸ್ಸು ಹತ್ತುತ್ತಾರೆ. ಇದು ಕೈಗೆ ಬಂದ ಕೂಡಲೇ ಅವರ ಜೊತೆ ಹೊರಡು. ದ್ಯಾಮಕ್ಕ ಏನೇ ಅನ್ನಲಿ, ಹೊರಡು. ನಾನು ಇಲ್ಲೇ ಇರುತ್ತೇನೆ.

ನಿನ್ನ ಪತ್ರ ನಿನ್ನೆ ಸಿಕ್ಕಿತು. ಬೆಳಿಗ್ಗೆ ಮೊದಲ ಬಸ್ಸಿಗೇ ಬಂದು ಆ ಡಾಕ್ಟರಮ್ಮನನ್ನು ಹುಡುಕಿ ಹಿಡಿದೆ. ನಿನ್ನ ಹೆಸರು ಹೇಳಿದೊಡನೆ ಕುರ್ಚಿ ಬಿಟ್ಟು ಎದ್ದರು. ಎಲ್ಲಿ ಆ ಹುಡುಗಿ, ಎಷ್ಟು ವಾರದಿಂದ ಬಂದಿಲ್ಲ ಎಂದು ನನ್ನನ್ನೇ ಬೈದರು. ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ, ದಾರಿಯಲ್ಲಿ ಓದಿಕೋ.

ಹೆರಿಗೆಯಾದ ಮೇಲೆ ಬೀಳುವ ಮಾಸು ಇದೆಯಲ್ಲ, ಅದು ಬಸುರಿನ ಮೊದಲ ದಿನಗಳಲ್ಲೇ ಗರ್ಭಕೋಶದ ಗೋಡೆಯಲ್ಲಿ ಬೇರು ಬಿಡುತ್ತದಂತೆ. ಅಲ್ಲಿಂದ ರಕ್ತದಲ್ಲಿ ಮೈಗೆಲ್ಲ ಸುದ್ದಿ ಕಳಿಸುತ್ತದಂತೆ: ಇಲ್ಲಿ ಕೂಸು ಐತಿ, ಮುಟ್ಟು ನಿಲ್ಲಿಸು, ಗೋಡೆ ಮೆತ್ತಗೆ ದಪ್ಪಗೆ ಮಾಡು, ರಕ್ತ ಕಳಿಸು, ಸಕ್ಕರೆ ಕಳಿಸು ಅಂತ. ಆ ಸುದ್ದಿಗೇ ಹಾರ್ಮೋನು ಅನ್ನುವುದು. ನಿನ್ನೊಳಗೆ ಕೂಸು ಕಟ್ಟಲೇ ಇಲ್ಲ. ಮಾಸು ಒಂದೇ ಹುಚ್ಚುಹುಚ್ಚಾಗಿ ಬೆಳೆದು, ಹತ್ತು ಬಸುರಿಗಾಗುವಷ್ಟು ಹಾರ್ಮೋನು ಸುರಿಯಿತು. ಗರ್ಭಕೋಶ ನಂಬಿತು, ಮೈಯೆಲ್ಲ ನಂಬಿತು. ಹೊಟ್ಟೆ ಉಬ್ಬಿದ್ದು, ವಾಂತಿ, ಎದೆ ಹೊಡೆದುಕೊಂಡದ್ದು, ಕೈ ನಡುಗಿದ್ದು, ಎಲ್ಲ ಅದರಿಂದ. ಒಳ್ಳೆಯ ಲಕ್ಷಣ ಎಂದು ಬರೆದೆನಲ್ಲ ನಾನು. ಆ ಕಾರ್ಡು ನೋಡುವುದು ಕೂಸನ್ನಲ್ಲ, ಆ ಹಾರ್ಮೋನನ್ನು.

ಇಷ್ಟೆಲ್ಲ ಕೇಳಿದ ಮೇಲೆ ನಾನು ಏನು ಕೇಳಿದೆ ಗೊತ್ತಾ? "ಹಂಗಾರೆ ಆ ಉಳದಿದ್ದು?" ಎಂದು ಕೇಳಿದೆ. ಡಾಕ್ಟರಮ್ಮ ನನ್ನ ಮುಖ ನೋಡಿದರು. "ಉಳಿದಿರೋದು ರೋಗ ಕಣಮ್ಮ, ಮಗು ಅಲ್ಲ. ನಿಮ್ಮ ತಂಗಿ ಸಾಯ್ತಾಳೆ ಹಿಂಗೇ ಬಿಟ್ರೆ" ಅಂದರು.

ಒಳಗೆ ಉಳಿದ ಚೂರು ಕ್ಯಾನ್ಸರಿನ ಹಾಗೆ ಬೆಳೆಯುತ್ತದಂತೆ. ನಿನ್ನ ಕೆಮ್ಮಿನ ಮಾತು ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು. ಶ್ವಾಸಕೋಶಕ್ಕೆ ಹೋಗಿರಬಹುದು. ಆದರೆ ಇಂಜೆಕ್ಷನ್ನಿಗೆ ಕರಗುವ ರೋಗವಂತೆ ಇದು, ಬೇಗ ಬಂದರೆ ಪೂರ್ತಿ ವಾಸಿಯಾಗುತ್ತದಂತೆ. ಮದ್ದಿಗೆ ಬಗ್ಗದಿದ್ದರೆ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ವಾರವಾರ ರಕ್ತ ಕೇಳಿದ್ದು ಇದಕ್ಕೇ, ಆ ಹಾರ್ಮೋನು ಇಳಿಯುತ್ತಿದೆಯೋ ಏರುತ್ತಿದೆಯೋ ನೋಡಲು. ಮೆಟ್ಟಿಲು ಹತ್ತಬೇಡ ಎಂದು ಆಣೆ ಹಾಕಿದವಳು ನಾನು.

ಬಸ್ಸು ಹೊರಟಿತಂತೆ, ಇವರು ಕರೆಯುತ್ತಿದ್ದಾರೆ. ಬಾ ತಾಯಿ, ಬೇಗ ಬಾ.

ಗಾದೆಮ್ಮ


ಕೂಡ್ಲಿಗಿ
12-6-1999

ಅಕ್ಕಾ,

ಮೊನ್ನೆಯ ರಕ್ತದ ವರದಿಯೂ ಚೆನ್ನಾಗಿದೆ. ಮೂರು ವಾರದಿಂದ ಆ ಹಾರ್ಮೋನಿನ ಸುಳಿವಿಲ್ಲ. ಎದೆಯ ಫೋಟೋದಲ್ಲಿದ್ದ ಚುಕ್ಕೆಗಳೂ ಕರಗಿವೆ. ಗರ್ಭಕೋಶ ಉಳಿಯಿತು. ಇಂಜೆಕ್ಷನ್ನಿನಿಂದ ಬಾಯಲ್ಲಿ ಎದ್ದಿದ್ದ ಹುಣ್ಣು ಮಾಯ್ದಿದೆ, ಖಾರ ತಿನ್ನುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಅಷ್ಟು ದಿನ ನೀನು ಗಂಜಿ ಕುಡಿಸಿದೆ, ತಲೆ ಬಾಚಿದೆ, ನನ್ನ ಬಟ್ಟೆ ಒಗೆದೆ. ಆಗ ಹೇಳಲಾಗಲಿಲ್ಲ, ಈಗ ಹೇಳುತ್ತೇನೆ. ಇಲ್ಲಿಗೆ ಬಂದ ಮೇಲೆ ನಿನ್ನ ಪತ್ರಗಳನ್ನೆಲ್ಲ ಮತ್ತೆ ಓದಿದೆ. ಹೊಟ್ಟೆ ಎಷ್ಟು ದೊಡ್ಡದು, ಒದೆಯುತ್ತವೆಯೇ, ಉಳಿದದ್ದು ಯಾರದು, ಇಷ್ಟೇ. ರಕ್ತ ಹೋಯಿತು ಎಂದು ಬರೆದಾಗಲೂ ನೀನು ಹೇಗಿದ್ದೀ ಎಂದು ಒಂದು ಸಾಲು ಬರೆಯಲಿಲ್ಲ. ನಾನು ನಿನಗೆ ತಂಗಿಯೋ, ಬರೀ ಹೊಟ್ಟೆಯೋ? ಸಿಟ್ಟು ಬಂದಿದೆ ಅಕ್ಕಾ, ಬಹಳ ಬಂದಿದೆ. ಮುಂದೆ ನನಗೆ ಮಕ್ಕಳಾಗುತ್ತವೋ ಇಲ್ಲವೋ. ಆದರೂ ನಿನಗೆ ಕೊಡುವುದಿಲ್ಲ. ಒಂದಾದರೂ ಕೊಡುವುದಿಲ್ಲ, ಅವಳಿಯಾದರೂ ಕೊಡುವುದಿಲ್ಲ. ನನ್ನನ್ನು ಮತ್ತೆ ಕೇಳಬೇಡ.

ಇದನ್ನು ಬರೆದು ಪೋಸ್ಟ್ ಮಾಡಿ ಸುಮ್ಮನಿರಬೇಕೆಂದಿದ್ದೆ. ಆದರೆ ಹೇಳಿಕೊಳ್ಳಲು ನನಗೆ ಬೇರೆ ಯಾರಿದ್ದಾರೆ.

ಒಂದು ವರ್ಷ ಬಸುರಾಗಬಾರದು ಎಂದು ಡಾಕ್ಟರಮ್ಮ ಹೇಳಿದ್ದು ನೀನೂ ಕೇಳಿದ್ದೀ. ಬಸುರಾದರೆ ಮತ್ತೆ ಅದೇ ಹಾರ್ಮೋನು ಏರುತ್ತದೆ, ಏರಿದ್ದು ಕೂಸಿನದೋ ರೋಗದ್ದೋ ಯಾರಿಗೂ ತಿಳಿಯುವುದಿಲ್ಲ, ತಿಳಿಯುವಷ್ಟರಲ್ಲಿ ಕೈಮೀರಿರುತ್ತದೆ. ಅತ್ತೆ ಇದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಒಂದು ಸಲ ಕಂದು ಹಾಕಿದ ಕುರಿಗೆ ಬೇಗ ಗಬ್ಬ ಕಟ್ಟಿಸಬೇಕು, ಇಲ್ಲದಿದ್ದರೆ ಗೊಡ್ಡು ಬೀಳುತ್ತದೆ ಅನ್ನುತ್ತಾರೆ. ಇವರು ಮುಂದಿನ ವಾರ ಕುರಿ ಹೊಡೆದುಕೊಂಡು ಮನೆಗೆ ಬರುತ್ತಾರೆ. ನಾನು ಮತ್ತೆ ಬಸುರಾಗಲೆಂದು ಬಂದ ಮಾರನೆಯ ದಿನವೇ ನನ್ನ ಉಡಿ ತುಂಬಿಸಲು ಅತ್ತೆ ಅಕ್ಕಿ, ಕೊಬ್ಬರಿ ತರಿಸಿಟ್ಟಿದ್ದಾರೆ. ಸುದ್ದಿ ತಿಳಿದು ಆಸ್ಪತ್ರೆಗೆ ಬಂದಾಗ ಇವರು ಹೊರಗೆ ಕೂತು ಅತ್ತದ್ದು ನಿಜ. ಆದರೆ ತಾಯಿಯ ಮುಂದೆ ಇವರಿಗೆ ಬಾಯಿಲ್ಲ. ನಾನು ಒಬ್ಬಳೇ ಎಷ್ಟು ದಿನ ಬೇಡ ಅನ್ನಲಿ?

ಶಿವಲೀಲಾ


ನೀಲಗುಂದ
17-6-1999

ಶಿವೀ,

ನೀನು ಹೇಗಿದ್ದೀ? ಇದನ್ನು ಬರೆಯಲು ಇಷ್ಟು ಹೊತ್ತು ಬೇಕಾಯಿತು ನನಗೆ. ಉತ್ತರ ಬರೆಯುತ್ತಾ ಕೂರಬೇಡ, ಎದುರಿಗೇ ಕೇಳುತ್ತೇನೆ.

ಕೊಡುವುದಿಲ್ಲ ಅಂದದ್ದು ಓದಿ ಎದೆಗೆ ಒದ್ದ ಹಾಗಾಯಿತು. ಅಡಿಗೆಮನೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ, ನೀನು ಹೇಳಿದ್ದು ಸರಿ ಅನ್ನಿಸಿತು. ನಾನು ನಿನ್ನನ್ನು ಕೇಳಬಾರದಿತ್ತು, ನೀನಾಗಿ ಕೊಟ್ಟಾಗಲೂ ಒಲ್ಲೆ ಅನ್ನಬೇಕಿತ್ತು.

ನಿನ್ನೆ ಆ ಐದು ಮಂದಿಯ ಮನೆಗೂ ಹೋಗಿ ಬಂದೆ. ಒಬ್ಬೊಬ್ಬರ ಪಡಸಾಲೆಯಲ್ಲೂ ಕೂತು, ಕೂಸು ಇರಲೇ ಇಲ್ಲ, ನನ್ನ ತಂಗಿಗೆ ರೋಗ ಆಗಿತ್ತು, ನನಗೆ ಯಾರೂ ಕೂಸು ಕೊಡುವುದಿಲ್ಲ ಎಂದು ನನ್ನ ಬಾಯಿಂದಲೇ ಹೇಳಿದೆ. ಒಬ್ಬಾಕೆ ಚಹಾ ಕೊಟ್ಟಳು. ಒಬ್ಬಾಕೆ ಮಗ್ಗುಲು ಮನೆಯವಳನ್ನು ನೋಡಿ ತುಟಿ ತಿರುವಿದಳು. ಕುಬಸಕ್ಕೆ ಕರೆದರೆ ಮತ್ತೆ ಹಿಂದೆ ಕೂರುತ್ತೇನೆ, ಕೂತು ರೂಢಿಯಾಗಿದೆ. ನಮ್ಮತ್ತೆ ನಿನ್ನೆ ರಾತ್ರಿ ಊಟ ಬಿಟ್ಟರು, ಇವತ್ತು ಬೆಳಿಗ್ಗೆ ತಾವೇ ರೊಟ್ಟಿ ಬಡಿದರು.

ಈಗ ನಿನ್ನ ಮಾತು. ಭಾನುವಾರ ನಾನೂ ನಿಮ್ಮ ಭಾವನೂ ಕೂಡ್ಲಿಗಿಗೆ ಬರುತ್ತೇವೆ. ದ್ಯಾಮಕ್ಕ ಉಡಿ ತುಂಬಲು ಅಕ್ಕಿ ಹಿಡಿದುಕೊಂಡು ಬಂದರೆ ನಡುವೆ ನಾನು ನಿಲ್ಲುತ್ತೇನೆ. ಹಿರಿಯರು, ಕೈಮುಗಿದೇ ಹೇಳುತ್ತೇನೆ. ಆ ತಟ್ಟೆ ನೋಡದೆ ನೀವು ಹೊರಗೆ ನಡೆದಿರಿ, ನಾನು ಇಲ್ಲಿ ಕೂತು ಆಣೆ ಹಾಕಿದೆ, ನಾವಿಬ್ಬರೂ ಸೇರಿ ಈ ಹುಡುಗಿಯನ್ನು ಕೊಲ್ಲುತ್ತಿದ್ದೆವು ಎಂದು ಹೇಳುತ್ತೇನೆ. ಕುರಿಯ ಮಾತು ಎತ್ತಿದರೆ, ನಾನೂ ಕುರಿ ಹಟ್ಟಿಯವಳೇ, ನನ್ನ ತಂಗಿ ಕುರಿಯಲ್ಲ ಎಂದು ಹೇಳುತ್ತೇನೆ. ನಿನ್ನ ಗಂಡ ಜಂಬಯ್ಯನಿಗೆ ಬಾಯಿ ಇಲ್ಲದಿದ್ದರೆ ಬೇಡ, ಕಿವಿಯಾದರೂ ಇದೆಯಲ್ಲ.

ಒಂದು ವರ್ಷ ನೀನು ನಮ್ಮ ಮನೆಯಲ್ಲಿರುತ್ತೀ. ಇಲ್ಲಿಂದ ದಾವಣಗೆರೆ ಹತ್ತಿರ, ತಿಂಗಳು ತಿಂಗಳು ರಕ್ತ ಕೊಡಲು ನಾನೇ ಕರೆದುಕೊಂಡು ಹೋಗುತ್ತೇನೆ. ಜಂಬಯ್ಯ ಬೇಕೆನಿಸಿದಾಗ ಬರಲಿ, ಬಂದು ಉಂಡು, ನಿನ್ನ ಹತ್ತಿರ ಮಾತಾಡಿಕೊಂಡು, ಸಂಜೆ ಬಸ್ಸಿಗೆ ಹೋಗಲಿ. ರಾತ್ರಿ ನಿನ್ನ ಪಕ್ಕ ನಾನು ಮಲಗುತ್ತೇನೆ. ನಗಬೇಡ, ನಿಜವಾಗಿ ಹೇಳುತ್ತಿದ್ದೇನೆ. ನಿನ್ನ ಬಸುರಿಗಾಗಿ ಹರಕೆ ಹೊತ್ತವಳು ನಾನು. ಇನ್ನೊಂದು ವರ್ಷ ನೀನು ಬಸುರಾಗದ ಹಾಗೆ ಕಾಯುವವಳೂ ನಾನೇ.

ನಿನ್ನ ಅಕ್ಕ